ಸರ್ವರ್ ಸತ್ತರೆ, ಮೇಷ್ಟ್ರು ಹೊರಟರೆ

ಕಂಪ್ಯೂಟರ್ ಮುಂದೆ ಕೂತವರಿಗೆ ನಗುವಂಥದ್ದು ಏನು ನಡೆಯುತ್ತದೆ ಎಂದು ನನ್ನ ತಂಗಿ ಕೇಳುತ್ತಾಳೆ. ಬೇಡವೆಂದರೂ ನಡೆಯುತ್ತದೆ. ಯಂತ್ರ ನಾವು ಹೇಳಿದ್ದನ್ನು ಮಾತ್ರ ಮಾಡುತ್ತದೆ, ಮನುಷ್ಯರು ಹೇಳದೇ ಇದ್ದದ್ದನ್ನೂ ಮಾಡುತ್ತಾರೆ. ಇವರಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತವರಿಗೆ ವಾರಕ್ಕೊಂದಾದರೂ ಸಿಕ್ಕೇ ಸಿಗುತ್ತದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮೈಸೂರಿನ ಹೆಬ್ಬಾಳದ ಒಂದು ಪಂಪು ತಯಾರಿಸುವ ಕಾರ್ಖಾನೆಗೆ ಸೇರಿದೆ. ಅಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಇಬ್ಬರೇ, ನಾನು ಮತ್ತು ನನ್ನ ಮೇಲಿನವರು. ಅವರನ್ನು ಇಡೀ ಕಾರ್ಖಾನೆ ಮೇಷ್ಟ್ರು ಎಂದು ಕರೆಯುತ್ತಿತ್ತು. ಪಾಠ ಮಾಡಿದವರಲ್ಲ. ಇಪ್ಪತ್ತು ವರ್ಷ ಟೂಲ್ ರೂಮಿನಲ್ಲಿ ಅಳತೆ ಹಿಡಿದು, ಆಮೇಲೆ ಕಂಪ್ಯೂಟರ್ ಕಲಿತವರು. ಒಂದು ಸಾಲು ಟೈಪ್ ಮಾಡುವ ಮೊದಲು ಅದನ್ನು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ಆಮೇಲಷ್ಟೇ ಕೀಲಿಮಣೆ ಮುಟ್ಟುತ್ತಿದ್ದರು. ಅದಕ್ಕೇ ಆ ಹೆಸರು.

ನಮ್ಮಲ್ಲಿ ಹನ್ನೊಂದು ಸರ್ವರ್‌ಗಳಿದ್ದವು. ಸ್ಟೋರ್ಸಿಗೊಂದು, ಹಾಜರಾತಿ ನೋಡುವ ಟೈಮ್ ಆಫೀಸಿಗೊಂದು, ಹೀಗೆ. ಏನಾದರೂ ಬದಲಿಸಬೇಕೆಂದರೆ ಹನ್ನೊಂದರ ಮುಂದೆಯೂ ಹೋಗಿ ಕೂರಬೇಕಿತ್ತು. ಮೇಷ್ಟ್ರು ಎಲ್ಲಕ್ಕೂ ಸೇರಿ ಒಂದೇ ಸ್ಕ್ರಿಪ್ಟ್ ಬರೆದರು. ಸ್ಕ್ರಿಪ್ಟ್ ಅಂದರೆ ಸರ್ವರ್ ತಾನೇ ಓದಿಕೊಂಡು ಪಾಲಿಸುವ ಸೂಚನೆಗಳ ಪಟ್ಟಿ. ನೀನು ಸ್ಟೋರ್ಸಿನವನಾಗಿದ್ದರೆ ಹೀಗೆ ಸಿದ್ಧವಾಗು, ಟೈಮ್ ಆಫೀಸಿನವನಾಗಿದ್ದರೆ ಹಾಗೆ ಸಿದ್ಧವಾಗು, ಎಂದು ಉದ್ದಕ್ಕೂ ಷರತ್ತುಗಳು.

ಹೀಗಿರುವಾಗ ಮುಂಬೈನ ಹೆಡ್ ಆಫೀಸಿನಿಂದ ಒಂದು ಪತ್ರ ಬಂತು. ವರ್ಷದ ಕೊನೆಯವರೆಗೆ ನಾವಿಬ್ಬರೇ ಸರ್ವರ್‌ಗಳನ್ನು ಸರಿಯಾಗಿ ನಡೆಸಿದರೆ ಸರಿ, ಇಲ್ಲದಿದ್ದರೆ ಆ ಕೆಲಸ ಬೆಂಗಳೂರಿನ ಒಂದು ಕಂಪನಿಗೆ, ಮೇಷ್ಟ್ರು ನಾಗಪುರದ ಘಟಕಕ್ಕೆ. ಮೇಷ್ಟ್ರು ಎರಡು ಸಲ ಓದಿ, "ಚೆನ್ನಾಗಿ ಬರೆದಿದ್ದಾರೆ. ಆದರೇನು, ಆಗದಿದ್ದರೇನು, ಎರಡೂ ಹೇಳಿಬುಟ್ಟಿದ್ದಾರೆ," ಎಂದರು. ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ಅವರ ಹೆಂಡತಿಗೆ ಬನ್ನಿಮಂಟಪದ ಹತ್ತಿರದ ಕಾಲೇಜಿನಲ್ಲಿ ಗ್ರಂಥಪಾಲಕಿಯ ಕೆಲಸ. ಬಿಟ್ಟು ಹೊರಡುವ ಮಾತೇ ಇರಲಿಲ್ಲ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೇಷ್ಟ್ರು ಒಂದು ದಿನವೂ ಒಬ್ಬರೇ ಕೂತು ರಾತ್ರಿ ಊಟ ಮಾಡಿದವರಲ್ಲ. ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರೋ ಹೆದರಿ ಹೇಳುತ್ತಿದ್ದರೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಚಟ್ನಿ ಇಲ್ಲದ ದೋಸೆ

ಪತ್ರ ಬಂದ ತಿಂಗಳಲ್ಲೇ ಕ್ಯಾಂಟೀನಿಗೂ ಒಂದು ಕಂಪ್ಯೂಟರ್ ಕೊಟ್ಟರು, ಎಷ್ಟು ಊಟವಾಯಿತೆಂದು ಎಣಿಸಲು. ಅದಕ್ಕೂ ಅದೇ ಸ್ಕ್ರಿಪ್ಟ್ ಹಾಕಿದೆವು. ಸ್ಕ್ರಿಪ್ಟಿನಲ್ಲಿ ಕ್ಯಾಂಟೀನಿನ ಹೆಸರೇ ಇರಲಿಲ್ಲ. ಸೇರಿಸಬೇಕಾಗಿದ್ದವಳು ನಾನು, ಮರೆತಿದ್ದೆ. ಕೊನೆಯ ಸಾಲಿನಲ್ಲಿ, ಮೇಲಿನ ಯಾವುದೂ ಅಲ್ಲದಿದ್ದರೆ ನೀನು ಟೈಮ್ ಆಫೀಸು ಎಂದಿತ್ತು. ಆ ಒಂದು ಸಾಲು ಬರೆದವಳೂ ನಾನೇ. ಉಳಿದದ್ದು ಅದೊಂದೇ ತಾನೇ ಎಂದುಕೊಂಡಿದ್ದೆ.

ಮರುದಿನದಿಂದ ಕ್ಯಾಂಟೀನಿನ ಪ್ರಿಂಟರು ಬೆಳಿಗ್ಗೆ ಒಂಬತ್ತಕ್ಕೆ ಕರಕರ ಎಂದು ಒಂದು ಪಟ್ಟಿ ಮುದ್ರಿಸತೊಡಗಿತು. ತಲೆಯಲ್ಲಿ "ತಡವಾಗಿ ಬಂದವರು", ಕೆಳಗೆ ಹೆಸರುಗಳು, ಕೊನೆಗೆ "ಸೂಕ್ತ ಕ್ರಮ ಕೈಗೊಳ್ಳುವುದು". ಅಡುಗೆಯ ಭಟ್ಟರು ಅದನ್ನು ಮೇಲಿನವರ ಹುಕುಂ ಎಂದೇ ತಿಳಿದು ಗೋಡೆಗೆ ಅಂಟಿಸಿಕೊಂಡರು. ಮೂರನೆಯ ದಿನ ವೆಲ್ಡಿಂಗ್ ಶಾಪಿನವರು ಬಂದು, ತಡವಾಗಿ ಬಂದವರಿಗೆ ದೋಸೆಗೆ ಚಟ್ನಿ ಹಾಕುತ್ತಿಲ್ಲ ಎಂದು ಗಲಾಟೆ ಮಾಡಿದಾಗಲೇ ನಮಗೆ ವಿಷಯ ಗೊತ್ತಾದದ್ದು.

ನಾವು ಓಡಿದೆವು. ಭಟ್ಟರು ಶಾಂತವಾಗಿದ್ದರು. "ಕ್ರಮ ಕೈಗೊಳ್ಳಿ ಅಂತ ಬರೆದೈತೆ ಕಣಮ್ಮ. ನನ್ನ ಕೈಲಿರೋದು ಚಟ್ನಿ ಸೌಟು. ಅದರಲ್ಲೇ ಕೈಗೊಂಡೆ."

ಮೇಷ್ಟ್ರು ನೋಟ್‌ಬುಕ್ ತೆರೆದು ಕೊನೆಯ ಸಾಲನ್ನು ಹೊಡೆದು ಹಾಕಿ, "ಮೇಲಿನ ಯಾವುದೂ ಅಲ್ಲದಿದ್ದರೆ ಸುಮ್ಮನಿರು, ನಮಗೆ ಹೇಳು" ಎಂದು ಬರೆದರು. ಗೊತ್ತಿಲ್ಲದ್ದು ಎದುರಾದಾಗ ಗೊತ್ತಿರುವ ಯಾವುದೋ ಒಂದರ ಹೆಸರು ಕೊಟ್ಟು ಮುಂದೆ ಹೋಗುವುದು ನನ್ನ ಅಭ್ಯಾಸವಾಗಿತ್ತು. ಅದು ಬರೀ ಸ್ಕ್ರಿಪ್ಟಿನಲ್ಲಿರಲಿಲ್ಲ ಎಂಬುದು ಆ ಸಾಲನ್ನು ಓದಿದಾಗ ಹೊಳೆಯಿತು.

ಸಂಜೆ ಪರ್ಸನೆಲ್ ಮ್ಯಾನೇಜರು ಬಂದರು. ಬೈಯಲು ಬಂದಿದ್ದಾರೆಂದು ನಾನು ಎದ್ದು ನಿಂತೆ. ಅವರು ಬಾಗಿಲಲ್ಲೇ ನಿಂತು ಕೇಳಿದರು. "ಹತ್ತು ವರ್ಷದಿಂದ ನೋಟೀಸ್ ಕೊಟ್ಟರೂ ಬರದವರು ಇವತ್ತು ಎಂಟಕ್ಕೆ ಐದು ನಿಮಿಷ ಮುಂಚೆ ಬಂದವರೆ. ಯಾಕ್ರೀ ಸರಿ ಮಾಡಿದ್ರಿ?"

ಸೋಮವಾರದ ರಾಹುಕಾಲ

ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಎಂಟಕ್ಕೆ, ಸ್ಕ್ರಿಪ್ಟ್ ತಾನಾಗಿ ಎಲ್ಲ ಸರ್ವರ್‌ಗಳನ್ನೂ ಒಂದು ಸುತ್ತು ಸರಿಪಡಿಸುತ್ತಿತ್ತು. ಸತತ ಮೂರು ಸೋಮವಾರ ಹಾಜರಾತಿ ಸರ್ವರ್ ನಿಂತುಹೋಯಿತು. ಜನರಲ್ ಮ್ಯಾನೇಜರ್ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಅವರ ಮನೆತನ ಹಿಂದೆ ಅರಮನೆಯ ಕಚೇರಿಯಲ್ಲಿದ್ದದ್ದು. ಅವರು ಗದರುವುದೂ ಬಹುವಚನದಲ್ಲೇ.

"ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಆ ಹೊತ್ತಲ್ಲಿ ಶುರು ಮಾಡಿದ್ರೆ ಇನ್ನೇನಾಗುತ್ತೆ ಹೇಳಿ."

"ಸರ್ವರ್‌ಗೆ ಯಾವ ರಾಹು ಸಾರ್?" ಎಂದೆ ನಾನು. ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. ವಾಪಸು ಬಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದರು: ಸೋಮವಾರವಾಗಿದ್ದು, ಗಂಟೆ ಏಳೂವರೆಯಿಂದ ಒಂಬತ್ತರೊಳಗಿದ್ದರೆ, ಕಾಯಿ.

ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಇಂಥದ್ದನ್ನು ಬರೆಯಲು ಇಷ್ಟು ಓದಬೇಕಿತ್ತೆ ಎಂದು ಕೇಳಿಯೂ ಬಿಟ್ಟೆ. "ಬರೆದರೆ ನಷ್ಟವೇನಮ್ಮ? ನಿಂತರೆ ನಾನು ನಾಗಪುರದಲ್ಲಿರ್ತೀನಿ," ಎಂದರು.

ಸರ್ವರ್ ನಿಲ್ಲುವುದು ನಿಂತುಹೋಯಿತು. ನನಗೆ ತಡೆಯಲಾಗಲಿಲ್ಲ. ಎರಡು ವಾರ ಹುಡುಕಿ ಕಾರಣ ಹಿಡಿದೆ. ಎಂಟು ಗಂಟೆಗೆ ಜನರಲ್ ಶಿಫ್ಟಿನವರೆಲ್ಲ ಗೇಟಿನಲ್ಲಿ ಒಟ್ಟಿಗೆ ಕಾರ್ಡ್ ಒತ್ತುತ್ತಿದ್ದರು, ಅದೇ ಹೊತ್ತಿಗೆ ನಮ್ಮ ಸ್ಕ್ರಿಪ್ಟೂ ಅದೇ ಸರ್ವರ್ ಮೇಲೆ ಬೀಳುತ್ತಿತ್ತು. ಎರಡು ಪುಟದ ಟಿಪ್ಪಣಿ ಬರೆದು, ಚಿತ್ರ ಬಿಡಿಸಿ, ಸಾಹೇಬರ ಮುಂದಿಟ್ಟೆ.

ಅವರು ನಿಧಾನವಾಗಿ ಓದಿ ಕನ್ನಡಕ ತೆಗೆದರು. "ಒಟ್ಟಿನಲ್ಲಿ ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ಮಾಡಬಾರದು ಅಂತ ತಾನೇ?"

"ಹೌದು ಸಾರ್."

"ಇದನ್ನ ಹೇಳೋಕೆ ಎರಡು ಪುಟ ಬೇಕಾಯ್ತೇನಮ್ಮ?"

ಹಾಲು

ಮಳೆಗಾಲ ಮುಗಿಯುತ್ತಾ ಬಂದಿತ್ತು. ವರ್ಷದ ಕೊನೆ ಹತ್ತಿರವಾಗುತ್ತಿತ್ತು. ಒಂದು ಭಾನುವಾರ ಪುಸ್ತಕ ಹಿಂದಿರುಗಿಸಲು ಮೇಷ್ಟ್ರ ಮನೆಗೆ ಹೋದೆ. ಅಡುಗೆಮನೆ ಗೋಡೆಯ ಮೇಲೆ ಅವರ ಹೆಂಡತಿಯ ಅಕ್ಷರದಲ್ಲಿ ಒಂದು ಹಾಳೆ ಅಂಟಿತ್ತು. ನಾಗಪುರಕ್ಕೆ ಹೋಗಲೇಬೇಕಾದರೆ ಇರಲಿ ಎಂದು ಗಂಡನಿಗೆ ಅಡುಗೆ ಕಲಿಸುತ್ತಿದ್ದರು. ಮೊದಲ ಸಾಲು: ಹಾಲು ಉಕ್ಕಿದರೆ ಗ್ಯಾಸ್ ಆರಿಸಿ.

ಮೇಷ್ಟ್ರು ಒಲೆಯ ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಹಾಲು ಏರಿತು. ನೋಡುತ್ತಿದ್ದರು. ಅಂಚಿಗೆ ಬಂತು. ನೋಡುತ್ತಲೇ ಇದ್ದರು. ಉಕ್ಕಿ ಒಲೆಯ ತುಂಬ ಹರಿದ ಮೇಲೆ ಟಪ್ಪನೆ ಆರಿಸಿ, ನನ್ನ ಕಡೆ ತಿರುಗಿ ತಲೆಯಾಡಿಸಿದರು. ಒಂದು ಕೆಲಸ ಸರಿಯಾಗಿ ಮುಗಿದಾಗ ಆಫೀಸಿನಲ್ಲೂ ಅವರು ಹಾಗೇ ತಲೆಯಾಡಿಸುತ್ತಿದ್ದರು.

ಸೀದ ವಾಸನೆಗೆ ಅವರ ಹೆಂಡತಿ ಒಳಗೆ ಬಂದರು. "ಉಕ್ಕೋವರೆಗೂ ನೋಡ್ತಾ ನಿಂತಿದ್ರಾ?"

"ನೀನು ಹಾಗೇ ಬರೆದಿದ್ದೀಯ."

"ಉಕ್ಕೋಕೆ ಮುಂಚೆ ಆರಿಸಬೇಕು ಅಂತ ಬರೀಬೇಕಾ?"

"ಬರೀಬೇಕು," ಎಂದರು ಮೇಷ್ಟ್ರು, ಗಂಭೀರವಾಗಿ. ಆಕೆ ಪೆನ್ನು ತಂದು ತಿದ್ದಿದರು. ಆಮೇಲೆ ಒಲೆ ಒರೆಸತೊಡಗಿದರು. ಮೇಷ್ಟ್ರು ತಿದ್ದಿದ ಸಾಲನ್ನು ಓದುತ್ತಾ, ಯಾರಿಗೂ ಅಲ್ಲವೆಂಬಂತೆ, "ನಾಗಪುರದಲ್ಲಿ ತಿದ್ದೋಕೆ ಯಾರಿರ್ತಾರೆ?" ಎಂದರು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ.

ಆಕೆ ಬಟ್ಟೆ ಹಿಂಡುತ್ತಾ ಹೇಳಿದರು. "ಯಾರೂ ಇರಲ್ಲ. ಅದಕ್ಕೇ ಆ ಸರ್ವರ್‌ಗಳನ್ನ ನೆಟ್ಟಗೆ ನೋಡ್ಕೊಳ್ಳಿ. ಈ ಕೆಲಸ ನಿಮ್ಮ ಕೈಲಿ ಆಗಲ್ಲ."

ಇಬ್ಬರು ಯಜಮಾನರು

ಹಾಜರಾತಿ ಸರ್ವರ್ ಕೆಟ್ಟರೆ ಕಾರ್ಖಾನೆಯೇ ನಿಲ್ಲುತ್ತದೆಂದು, ಅದಕ್ಕೊಂದು ಬದಲಿ ಸರ್ವರನ್ನು ಡಿಸ್ಪ್ಯಾಚ್ ಕಟ್ಟಡದಲ್ಲಿ ಇಟ್ಟಿದ್ದೆವು. ಅದರ ಸ್ಕ್ರಿಪ್ಟಿನ ಷರತ್ತು ಸುಲಭದ್ದು. ಐದು ನಿಮಿಷಕ್ಕೊಮ್ಮೆ ದೊಡ್ಡದನ್ನು, ಅಂದರೆ ಹಾಜರಾತಿ ಸರ್ವರನ್ನು, ಕೂಗು. ಮೂರು ಸಲ ಕೂಗಿದರೂ ಓಗೊಡದಿದ್ದರೆ ಅದು ಸತ್ತಿದೆ, ಅದರ ಜಾಗಕ್ಕೆ ನೀನು ಬಾ. ಮೇಷ್ಟ್ರು ಇದನ್ನು ನೋಟ್‌ಬುಕ್ಕಿನಲ್ಲಿ ಆರು ಸಲ ಬರೆದಿದ್ದರು.

ಆಯುಧಪೂಜೆ ಬಂತು. ಯಂತ್ರಗಳನ್ನೆಲ್ಲ ತೊಳೆದು, ಹೂವು ಹಾಕಿ, ಬೂದುಗುಂಬಳ ಒಡೆದು, ಸಾಹೇಬರ ಸಮ್ಮುಖದಲ್ಲಿ ಮಂಗಳಾರತಿಯಾಯಿತು. ಪೂಜೆಯಾದ ಆಯುಧಕ್ಕೆ ಆಮೇಲೆ ಕೆಲಸ ಹೇಳುವಂತಿಲ್ಲ. ಲೇತುಗಳ ಹಾಗೆ ಹನ್ನೊಂದು ಸರ್ವರ್‌ಗಳನ್ನೂ, ಕುಂಕುಮವಿಟ್ಟು, ಭಕ್ತಿಯಿಂದ ಆರಿಸಿದೆವು. ಬದಲಿ ಸರ್ವರ್ ಮಾತ್ರ ಉಳಿದುಹೋಯಿತು. ಡಿಸ್ಪ್ಯಾಚಿನ ಬೀಗದ ಕೈ ಇದ್ದ ಸೂಪರ್‌ವೈಸರು ತಮ್ಮ ಸ್ಕೂಟರಿನ ಪೂಜೆಗೆ ಮನೆಗೆ ಹೋಗಿದ್ದರು. ಕಿಟಕಿಯ ಸರಳಿನಿಂದಲೇ ಎರಡು ಸೇವಂತಿಗೆ ಒಳಗೆ ಎಸೆದು ಬಂದೆವು.

ಕಾಲು ಗಂಟೆಯಲ್ಲಿ ಆ ಸರ್ವರ್, ಸೇವಂತಿಗೆಯ ಪಕ್ಕದಲ್ಲಿ ಕೂತು, ದೊಡ್ಡದು ಸತ್ತಿತೆಂದು ತೀರ್ಮಾನಿಸಿ ಪಟ್ಟವೇರಿತು. ಮರುದಿನ ವಿಜಯದಶಮಿ, ರಜೆ. ಅದರ ಮರುದಿನ ನಾವು ಬಂದು ದೊಡ್ಡದನ್ನು ಹಚ್ಚಿದೆವು. ಜಾಗದಲ್ಲಿ ಬೇರೆಯವರು ಕೂತಿದ್ದರೆ ಏನು ಮಾಡಬೇಕೆಂದು ಅದಕ್ಕೆ ನಾವು ಹೇಳಿರಲಿಲ್ಲ. ಅದೂ ಕೂತಿತು. ಗೇಟಿನಲ್ಲಿ ಒತ್ತಿದ ಕಾರ್ಡುಗಳಲ್ಲಿ ಅರ್ಧ ಇತ್ತ, ಅರ್ಧ ಅತ್ತ.

ಹೆಡ್ ಆಫೀಸಿನ ಅಧಿಕಾರಿ ತಪಾಸಣೆಗೆ ಬಂದದ್ದು ಅದೇ ಬೆಳಿಗ್ಗೆ. ಹೆಂಡತಿ ಮಕ್ಕಳಿಗೆ ದಸರಾ ತೋರಿಸಲು ಬಂದು, ತಪಾಸಣೆಯನ್ನೂ ಜೊತೆಗಿಟ್ಟುಕೊಂಡಿದ್ದರು. ಬೆಂಗಳೂರಿನ ಕಂಪನಿಯವನೊಬ್ಬನನ್ನೂ ಕರೆತಂದಿದ್ದರು. ಸಾಹೇಬರ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಹಾಜರಾತಿಯ ಪಟ್ಟಿ ತರಿಸಿದರು. ಕಾರ್ಖಾನೆಯ ಅರ್ಧ ಜನ ಗೈರುಹಾಜರಿ. ಅಧಿಕಾರಿ ಪಟ್ಟಿಯ ಮೇಲಿನ ಹೆಸರನ್ನು ನೋಡಿ, ಎದುರಿಗಿದ್ದವರನ್ನು ನೋಡಿ, "ತಾವು ಇವತ್ತು ಬಂದೇ ಇಲ್ಲವಲ್ಲ," ಎಂದು ಸಾಹೇಬರಿಗೆ ಹೇಳಿದರು.

ನಮ್ಮನ್ನು ಕರೆಸಿದರು. ಮೇಷ್ಟ್ರು ನೋಟ್‌ಬುಕ್ ಹಿಡಿದು ಬಂದರು. ನೆಟ್‌ವರ್ಕ್ ಹೋಗಿತ್ತು ಎಂದು ಹೇಳಿಬಿಡಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಅವರು ಹೇಳಲಿಲ್ಲ.

"ತಪ್ಪು ನಮ್ಮದೇ ಸಾರ್. ಓಗೊಡದಿದ್ದರೆ ಸತ್ತಿದೆ ಅಂತ ಬರೆದುಬುಟ್ಟಿದ್ವಿ. ಪೂಜೆ ಮಾಡಿ ಮಲಗಿಸಿರಬಹುದು ಅಂತ ಬರೆದಿರಲಿಲ್ಲ."

ನಾಗಪುರ ಖಚಿತ ಎಂದುಕೊಂಡೆ. ಆಗ ಕಂಪನಿಯವನು ಮುಂದೆ ಬಾಗಿ, ತನಗೆ ಬಂದ ಅವಕಾಶವನ್ನು ಕೈಯಾರೆ ಕೆಡಿಸಿಕೊಂಡ.

"ನಮ್ಮ ವ್ಯವಸ್ಥೆಯಲ್ಲಿ ಈ ಸಮಸ್ಯೆನೇ ಬರಲ್ಲ ಸಾರ್. ನಾವು ಸರ್ವರ್ ಆರಿಸೋದೇ ಇಲ್ಲ."

ಗೈರುಹಾಜರಾಗಿದ್ದ ಸಾಹೇಬರು ಮೊದಲ ಬಾರಿಗೆ ಬಾಯಿ ತೆರೆದರು. "ಆಯುಧಪೂಜೆ ದಿನಾನೂ?"

"ಯಾವತ್ತೂ ಇಲ್ಲ ಸಾರ್."

"ಕುಂಕುಮ ಇಟ್ಟ ಮೇಲೂ ಅದರ ಕೈಲಿ ಕೆಲಸ ಮಾಡಿಸ್ತೀರಾ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಾಹೇಬರು ಅಧಿಕಾರಿಯ ಕಡೆ ತಿರುಗಿ, ಇವರಿಗೆ ಈ ಕಾರ್ಖಾನೆ ಕೊಡಲಾಗದು ಎಂದು ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದರು. ಕೆಲಸ ನಮ್ಮಲ್ಲೇ ಉಳಿಯಿತು. ಒಂದು ಸುಳ್ಳು ಹೇಳಿದ್ದರೆ ಹೋಗುತ್ತಿದ್ದದ್ದು ಒಂದು ನಿಜದಿಂದ ಉಳಿಯಿತು ಎಂದು ನಾನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಪ್ರತಿ ಸಲವೂ ಹಾಗಾಗುತ್ತದೆಂದು ನಂಬಿಲ್ಲ.

ಸ್ಕ್ರಿಪ್ಟಿಗೆ ಹೊಸ ಷರತ್ತು ಸೇರಿತು: ಆಯುಧಪೂಜೆಯಾಗಿ ನಾವು ಇನ್ನೂ ಕೆಲಸಕ್ಕೆ ಬಾರದಿದ್ದರೆ, ಓಗೊಡದಿದ್ದರೂ ಸುಮ್ಮನಿರು. ಆದರೆ ಹಬ್ಬದ ತಾರೀಕು ವರ್ಷವರ್ಷಕ್ಕೂ ಬದಲಾಗುತ್ತದೆ. ಗೇಟಿನ ಬಳಿಯ ಗಣೇಶನ ಗುಡಿಯ ಅರ್ಚಕರಿಂದ ಪಂಚಾಂಗ ನೋಡಿಸಿ, ಬದಲಾವಣೆಯ ಫಾರಮ್ಮಿನಲ್ಲಿ "ಪರಿಶೀಲಿಸಿದವರು" ಎಂಬಲ್ಲಿ ಅವರದೇ ಸಹಿ ಹಾಕಿಸಿ ಮುಂಬೈಗೆ ಕಳಿಸಿದೆವು. ಈ ಅಧಿಕಾರಿಯ ಹುದ್ದೆ ಯಾವುದು ಎಂದು ಕೇಳಿದರು. ಅರ್ಚಕರು ಎಂದು ಬರೆದೆವು. ಮರುಟಪಾಲಿನಲ್ಲಿ ಇನ್ನೊಂದು ಪ್ರಶ್ನೆ ಬಂತು: ಅವರು ರಜೆಯಲ್ಲಿದ್ದರೆ ಸಹಿ ಮಾಡುವವರು ಯಾರು?

ಪೂರ್ಣ ಒಪ್ಪಿಗೆ

ನಾವು ನಿಟ್ಟುಸಿರು ಬಿಟ್ಟು ಎರಡು ತಿಂಗಳೂ ಆಗಿರಲಿಲ್ಲ, ಹೆಡ್ ಆಫೀಸಿನಿಂದ ಮತ್ತೊಂದು ಪತ್ರ. ಹಬ್ಬದ ಷರತ್ತು ಅವರಿಗೆ ಬಹಳ ಮೆಚ್ಚುಗೆಯಾಗಿತ್ತು. ನಾಗಪುರದ ಘಟಕದಲ್ಲೂ ಪೂಜೆಗೆ ಎಲ್ಲ ಆರಿಸುತ್ತಾರಂತೆ, ಅಲ್ಲೂ ಇದೇ ಗೋಳಂತೆ. ಆದ್ದರಿಂದ ಮೇಷ್ಟ್ರನ್ನು ನಾಗಪುರಕ್ಕೆ ವರ್ಗ ಮಾಡಲಾಗಿದೆ. ಸೋತರೆ ಹೋಗಬೇಕಿತ್ತು, ಗೆದ್ದದ್ದಕ್ಕೂ ಹೋಗಬೇಕಾಯಿತು. ನಾನು ಆ ಪತ್ರವನ್ನು ಮೇಜಿನ ಮೇಲೆ ಎಸೆದೆ.

ಎಲ್ಲರೂ ಸಲಹೆ ಕೊಟ್ಟರು. ಯೂನಿಯನ್ನಿನವರು ಬೆನ್ನುನೋವು ಎಂದು ಡಾಕ್ಟರ ಚೀಟಿ ತರಲು ಹೇಳಿದರು. ಭಟ್ಟರು ಬೆನ್ನಿಗಿಂತ ಮೊಣಕಾಲುನೋವೇ ವಾಸಿ ಎಂದರು, ಅದು ಯಾರಿಗೂ ಕಾಣಿಸುವುದಿಲ್ಲವಂತೆ. ಮೇಷ್ಟ್ರು ಯಾವುದಕ್ಕೂ ಒಪ್ಪಲಿಲ್ಲ. ಎರಡು ದಿನ ನೋಟ್‌ಬುಕ್ಕಿನ ಮುಂದೆ ಕೂತು, ಬರೆದು, ಹೊಡೆದು ಹಾಕಿ, ಗಟ್ಟಿಯಾಗಿ ಓದಿ, ಮೂರನೆಯ ದಿನ ಉತ್ತರವನ್ನು ನನ್ನ ಕೈಗೆ ಕೊಟ್ಟರು.

ಮೊದಲ ಸಾಲು, "ಈ ವರ್ಗಾವಣೆಗೆ ನನ್ನ ಪೂರ್ಣ ಒಪ್ಪಿಗೆ ಇದೆ." ನನಗೆ ಕಣ್ಣಲ್ಲಿ ನೀರು ಬಂತು. "ಕೆಳಗೆ ಓದಮ್ಮ," ಎಂದರು.

ಎರಡನೆಯ ಸಾಲು, ನನ್ನ ಹುದ್ದೆಗೆ ನೇಮಕವಾದವರು ನನ್ನ ಜೊತೆ ಒಂದು ಆಯುಧಪೂಜೆ ಕೆಲಸ ಮಾಡಿದ ಕೂಡಲೇ ಹೊರಡುತ್ತೇನೆ. ಅಷ್ಟೇ.

"ಇದರಲ್ಲೇನಿದೆ ಮೇಷ್ಟ್ರೇ? ನಾಳೇನೇ ಯಾರನ್ನೋ ನೇಮಿಸ್ತಾರೆ. ಇಲ್ಲಾ ನನ್ನನ್ನೇ ಕೂರಿಸ್ತಾರೆ."

"ನಿನಗೆ ಆ ದರ್ಜೆ ಬರೋಕೆ ಇನ್ನೂ ಏಳು ವರ್ಷ ಬೇಕು. ಹೊರಗಿನವರನ್ನ ನೇಮಿಸಬೇಕಾದ್ರೆ ಹುದ್ದೆ ಖಾಲಿಯಾಗಬೇಕು. ಅದು ಅವರದೇ ನಿಯಮ, ನಲವತ್ತನೇ ಪುಟ. ಹುದ್ದೆ ಖಾಲಿಯಾಗಬೇಕಾದ್ರೆ ನಾನು ಹೊರಡಬೇಕು."

ನಾನು ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ನೋಡಿದೆ. ಇವರು ಹೊರಡದೆ ಅವರು ಬರುವಂತಿಲ್ಲ, ಅವರು ಬಾರದೆ ಇವರು ಹೊರಡುವಂತಿಲ್ಲ. ಸರ್ವರ್‌ಗಳಿಗೆ ಇಂಥ ಷರತ್ತು ಬರೆದರೆ ಅವು ಒಂದನ್ನೊಂದು ಕಾಯುತ್ತಾ ನಿಂತೇ ಬಿಡುತ್ತವೆ. ಅದನ್ನು ಬಿಡಿಸುವುದೇ ನಮ್ಮ ಸಂಬಳದ ಕೆಲಸ. ಮೇಷ್ಟ್ರು ಮೊದಲ ಬಾರಿಗೆ ಬೇಕೆಂದೇ ಒಂದನ್ನು ಕಟ್ಟಿದ್ದರು. ಒಂದಕ್ಷರ ಸುಳ್ಳಿರಲಿಲ್ಲ.

ಹೆಡ್ ಆಫೀಸಿನ ಉತ್ತರ ಬಂತು. ನಿಮ್ಮ ಷರತ್ತು ಸಮಂಜಸವಾಗಿದೆ, ಪೂರೈಸಿದ ಕೂಡಲೇ ಹೊರಡತಕ್ಕದ್ದು. ಆಮೇಲೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ನೆನಪೋಲೆ ಬರುತ್ತಿತ್ತು, ಷರತ್ತು ಪೂರೈಸಿದೆಯೇ? ಮೇಷ್ಟ್ರು ದುಂಡಗೆ ಬರೆಯುತ್ತಿದ್ದರು, ಇನ್ನೂ ಇಲ್ಲ, ಆತುರದಿಂದ ಕಾಯುತ್ತಿದ್ದೇನೆ. ನಾಗಪುರದವರಿಗೆ ಬೇಕಾದ ಸ್ಕ್ರಿಪ್ಟನ್ನು ಮೊದಲ ವರ್ಷವೇ ಇಲ್ಲಿಂದಲೇ ಬರೆದು ಕಳಿಸಿದ್ದರು. ಹೀಗೆ ಆರು ವರ್ಷ. ಆ ಆರೂ ವರ್ಷ ಸಂಜೆ ಐದೂವರೆಯ ಬಸ್ಸಿಗೆ ಅವರು ಓಡುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು.

ಅವರು ನಿವೃತ್ತರಾದ ದಿನ ಕ್ಯಾಂಟೀನಿನಲ್ಲೇ ಸಮಾರಂಭ. ಮೈಸೂರು ಪೇಟ, ಶಾಲು, ಗಂಧದ ಹಾರ. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಸಾಹೇಬರ ಭಾಷಣದ ನಡುವೆ ಟೈಮ್ ಆಫೀಸಿನ ಗುಮಾಸ್ತರು ಒಂದು ಫ್ಯಾಕ್ಸ್ ತಂದು ಮೇಷ್ಟ್ರ ಕೈಗಿಟ್ಟರು. ಹೆಡ್ ಆಫೀಸಿನದು. ಮೇಷ್ಟ್ರು ಓದಿ ನನಗೆ ಕೊಟ್ಟರು. ನಾನು ಎಲ್ಲರಿಗೂ ಕೇಳುವಂತೆ ಓದಿದೆ.

"ತಾವು ಇಂದು ನಿವೃತ್ತರಾಗುತ್ತಿರುವುದರಿಂದ ಹುದ್ದೆ ಖಾಲಿಯಾಗುತ್ತಿದೆ. ನೇಮಕಕ್ಕೆ ಇದ್ದ ಅಡ್ಡಿ ನಿವಾರಣೆಯಾಗಿದೆ. ಹೊಸಬರ ಜೊತೆ ಈ ಸಲದ ಆಯುಧಪೂಜೆ ಮುಗಿಸಿ ನಾಗಪುರಕ್ಕೆ ಹೊರಡತಕ್ಕದ್ದು."

ಕ್ಯಾಂಟೀನು ನಕ್ಕೂ ನಕ್ಕೂ ಸುಸ್ತಾಯಿತು. ಸಾಹೇಬರು ಭಾಷಣ ಬಿಟ್ಟು ಕೂತರು. ನಗು ಇಳಿದ ಮೇಲೆ ಮೇಷ್ಟ್ರ ಹೆಂಡತಿ ಎದ್ದು ಬಂದು ನನ್ನ ಕೈಯಿಂದ ಫ್ಯಾಕ್ಸ್ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ತಮ್ಮ ಬ್ಯಾಗಿನೊಳಗೆ ಇಟ್ಟುಕೊಂಡರು.

"ಇದು ನನ್ನ ಹತ್ರ ಇರಲಿ ಕಣಮ್ಮ. ನಾಳೆಯಿಂದ ಇಡೀ ದಿನ ಮನೇಲಿರ್ತಾರೆ. ಅಡುಗೆಮನೇಲಿ ತಕರಾರು ಮಾಡಿದ್ರೆ, ಆರ್ಡರ್ ರೆಡಿ ಐತೆ."